ಬಿರುಕಿನ ವಾರಸುದಾರರು

ಸರೋಜಿನಿ ನಗರದ ಮಾರ್ಕೆಟ್ಟಿನಲ್ಲಿ ಪ್ರಾಮಾಣಿಕತೆ ಇನ್ನೂ ಉಳಿದಿದೆ. ರಫ್ತಿಗೆಂದು ಹೊಲಿದು, ಯಾವನೋ ಸಾಹೇಬ ಬೇಡವೆಂದು ತಳ್ಳಿದ ಬಟ್ಟೆಗಳ ರಾಶಿಯ ಮೇಲೆ ನಿಂತ ಹುಡುಗ ಗಂಟಲು ಹರಿಯುವಂತೆ ಕೂಗುತ್ತಾನೆ: ಒಂದೇ ರೇಟು, ಗ್ಯಾರಂಟಿ ಇಲ್ಲ, ವಾಪಸ್ ಇಲ್ಲ. ಗುಂಡಿ ಕಿತ್ತಿದೆಯೋ ಹೊಲಿಗೆ ಬಿಟ್ಟಿದೆಯೋ ಬೆಳಕಿಗೆ ಹಿಡಿದು ನೀವೇ ನೋಡಿಕೊಳ್ಳಬೇಕು. ಮನೆಗೆ ಹೋದ ಮೇಲೆ ತೋಳು ಕಳಚಿ ಬಿದ್ದರೆ ಅದು ನಿಮ್ಮ ಹಣೆಬರಹ. ದೋಷದ ಹೊಣೆ ಯಾರದು ಎಂಬ ವಿಚಾರದಲ್ಲಿ ಇಷ್ಟು ಚೊಕ್ಕವಾದ ಕರಾರು ದೆಹಲಿಯಲ್ಲಿ ಬೇರೆಲ್ಲೂ ಸಿಗುವುದಿಲ್ಲ.

ಅದೇ ಸರೋಜಿನಿ ನಗರದಲ್ಲಿ ಸರ್ಕಾರ ಈಗ ಮನೆಗಳನ್ನು ಕಟ್ಟಿಸುತ್ತಿದೆ. ವಿನಯ ನಗರವೆಂಬ ಹೆಸರಿದ್ದ ಕಾಲದಿಂದ ಗುಮಾಸ್ತರ ಮೂರು ತಲೆಮಾರನ್ನು ಸಾಕಿದ ಕ್ವಾರ್ಟರ್ಸುಗಳು ನೆಲಕಚ್ಚಿವೆ. 2016ರ ಜುಲೈನಲ್ಲಿ ಕೇಂದ್ರ ಸಂಪುಟ ದೆಹಲಿಯ ಏಳು ಕಾಲೊನಿಗಳ 12,970 ಹಳೆಯ ಮನೆಗಳನ್ನು ಕೆಡವಿ 25,667 ಹೊಸ ಮನೆ ಕಟ್ಟಲು ಒಪ್ಪಿತು. ಅಂದಾಜು ವೆಚ್ಚ 32,835 ಕೋಟಿ ರೂಪಾಯಿ. ಸರೋಜಿನಿ ನಗರ ಸರ್ಕಾರಿ ನಿರ್ಮಾಣ ಸಂಸ್ಥೆಯಾದ ಎನ್‌ಬಿಸಿಸಿ ಪಾಲಿಗೆ ಬಂತು. 2018ರಲ್ಲಿ ಜನ ಮರಗಳನ್ನು ತಬ್ಬಿಕೊಂಡು ನಿಂತರು, ಹೈಕೋರ್ಟು ಕೊಡಲಿಯನ್ನು ತಡೆಯಿತು. ಎಲ್ಲ ದಾಟಿ 2025ರ ಜನವರಿ 3ರಂದು ಪ್ರಧಾನಿಯವರು 28 ಟವರುಗಳನ್ನು, ಅಂದರೆ 2,500ಕ್ಕೂ ಹೆಚ್ಚು ಟೈಪ್-2 ಮನೆಗಳನ್ನು, ಉದ್ಘಾಟಿಸಿದರು.

ಮನೆಗಳು ನೂರು ವರ್ಷ ಬಾಳಲಿ. ನನ್ನ ಕುತೂಹಲ ಒಂದೇ. ನಾಳೆ ಗೋಡೆಯಲ್ಲೊಂದು ಬಿರುಕು ಕಂಡರೆ, ಅದು ಯಾರ ಆಸ್ತಿ?

ಇದಕ್ಕೆ ಉತ್ತರ ಹುಡುಕುವ ವಿಧಾನವನ್ನು ನಾನು ಒಂದು ಕ್ವಾರ್ಟರ್ಸಿನಲ್ಲಿ ಹತ್ತಿರದಿಂದ ನೋಡಿದ್ದೇನೆ. ಯಾವ ಕಾಲೊನಿ ಎಂದು ಹೇಳುವುದಿಲ್ಲ. ಸರ್ಕಾರಿ ಮನೆಯಲ್ಲಿ ಸಂಸಾರ ಮಾಡಿದವರಿಗೆ ಅದರ ಅಗತ್ಯವೂ ಇಲ್ಲ. ಧಾರವಾಡದ ಕಡೆಯ ದಂಪತಿ. ಅಡುಗೆಮನೆಯ ಮಾಳಿಗೆಯಲ್ಲಿ ಹಳದಿ ಕಲೆಯೊಂದು ಮೊದಲು ದೋಸೆಯಷ್ಟಿತ್ತು, ಮಳೆಗಾಲ ಮುಗಿಯುವಷ್ಟರಲ್ಲಿ ಚಾಪೆಯಷ್ಟಾಯಿತು. ದೆಹಲಿಯಲ್ಲಿ ಇದಕ್ಕೆ ‘ಸೀಲನ್’ ಎನ್ನುತ್ತಾರೆ. ದೂರು ಕೊಡುವ ಕಚೇರಿಗೆ ‘ಇನ್‌ಕ್ವೈರಿ’ ಎನ್ನುತ್ತಾರೆ. ಇನ್‌ಕ್ವೈರಿಯಿಂದ ಜೂನಿಯರ್ ಇಂಜಿನಿಯರ್ ಬಂದರು. ಮೇಲೆ ನೋಡಿದರು, ಕೆಳಗೆ ನೋಡಿದರು, ಹೊಸ್ತಿಲ ರಂಗೋಲಿ ನೋಡಿದರು. ಮುಖದಲ್ಲಿ ಬೆಳಕು ಮೂಡಿತು.

“ಭಾಭೀಜಿ, ನೀವು ಸೌತ್‌ನವರು ನೀರು ಸುರಿದು ಸುರಿದು ನೆಲ ತೊಳೆಯುತ್ತೀರಿ. ಅದಕ್ಕೇ ಸೀಲನ್.”

“ಭೈಯಾ, ನಾನು ತೊಳೆಯೋದು ನೆಲ. ಒದ್ದೆ ಆಗಿರೋದು ಮಾಳಿಗೆ.”

ಇಂಜಿನಿಯರ್ ಒಂದು ಕ್ಷಣ ಯೋಚಿಸಿದರು. ಗುರುತ್ವಾಕರ್ಷಣೆಯ ವಿಷಯ ಅವರ ವ್ಯಾಪ್ತಿಗೆ ಬರುವುದಿಲ್ಲ. ಮೊಬೈಲು ತೆಗೆದು ‘ನಿವಾಸಿಗಳಿಂದ ಅತಿಯಾದ ನೀರಿನ ಬಳಕೆ’ ಎಂದು ಒತ್ತಿದರು. ಸಂಜೆಯ ಹೊತ್ತಿಗೆ ದೂರುದಾರರ ಫೋನಿಗೆ ಸಂದೇಶ ಬಂತು: ದೂರನ್ನು ಪರಿಹರಿಸಲಾಗಿದೆ. ಮಾಳಿಗೆಗೆ ಆ ಸಂದೇಶ ತಲುಪಲಿಲ್ಲ.

ಮುಂದೆ ಮೇಲಿನ ಮನೆಯವರ ಸರದಿ. ಅವರು ತಮ್ಮ ಕೊಳವೆಯನ್ನು ತೋರಿಸಿದರು. ಕೊಳವೆ ಹಾಕಿದವನು ಗುತ್ತಿಗೆದಾರನನ್ನು ತೋರಿಸಿದ. ಗುತ್ತಿಗೆದಾರ ಉಪಗುತ್ತಿಗೆದಾರನನ್ನು ತೋರಿಸಿದ. ಉಪಗುತ್ತಿಗೆದಾರ ಆಗಲೇ ಲಖನೌದಲ್ಲಿ ಇನ್ನೊಂದು ಕಟ್ಟಡ ಹಿಡಿದಿದ್ದ. ಅಲ್ಲಿ ಎದುರಿಗೆ ತೋರಿಸಲು ಯಾರೂ ಇಲ್ಲದ್ದರಿಂದ ಆತ ನಕ್ಷೆಯನ್ನು ತೋರಿಸಿದ. ಇಂಜಿನಿಯರುಗಳ ಬಾಯಲ್ಲಿ ಸದಾ ಇರುವ ಮಂತ್ರ ‘ಡಿಎಲ್‌ಪಿ’, ಅಂದರೆ ಡಿಫೆಕ್ಟ್ ಲಯಬಿಲಿಟಿ ಪೀರಿಯಡ್. ಅಷ್ಟು ಕಾಲ ಗುತ್ತಿಗೆದಾರನೇ ಪುಕ್ಕಟೆ ರಿಪೇರಿ ಮಾಡಿಕೊಡಬೇಕು. ಆ ಅವಧಿಯಲ್ಲಿ ಸೋರಿದರೆ ‘ಇದು ದೋಷವಲ್ಲ, ನಿರ್ವಹಣೆ’ ಎನ್ನುತ್ತಾನೆ. ಅವಧಿ ಮುಗಿದ ಮೇಲೆ ಸೋರಿದರೆ ‘ಅಯ್ಯೋ, ಮೊದಲೇ ಹೇಳಬಾರದಿತ್ತೇ’ ಎನ್ನುತ್ತಾನೆ.

ದುಡ್ಡು ಕೊಟ್ಟು ಮನೆ ಕೊಂಡವರಿಗೆ ಕಾನೂನಿದೆ. 2016ರ ರೇರಾ ಕಾಯ್ದೆಯ 14ನೆಯ ಸೆಕ್ಷನ್ ಪ್ರಕಾರ ಸ್ವಾಧೀನ ಕೊಟ್ಟ ಐದು ವರ್ಷದೊಳಗೆ ರಚನೆಯಲ್ಲೋ ಕೆಲಸದಲ್ಲೋ ದೋಷ ಕಂಡು ತಿಳಿಸಿದರೆ, ಬಿಲ್ಡರ್ 30 ದಿನದೊಳಗೆ ಖರ್ಚಿಲ್ಲದೆ ಸರಿಪಡಿಸಿಕೊಡಬೇಕು. ಕ್ವಾರ್ಟರ್ಸಿನ ಗುಮಾಸ್ತ ಕೊಂಡವನೂ ಅಲ್ಲ, ಬಾಡಿಗೆದಾರನೂ ಅಲ್ಲ. ಸಂಬಳದಲ್ಲಿ ಲೈಸೆನ್ಸ್ ಫೀ ಮುರಿಸಿಕೊಳ್ಳುವ ಹಂಚಿಕೆದಾರ. ಅಮೆರಿಕದಲ್ಲಿ ಕಾರ್ಖಾನೆಯಲ್ಲೇ ಇಡೀ ಮನೆ ತಯಾರಿಸಿ ಲಾರಿಯಲ್ಲಿ ತಂದು ಕೂರಿಸುತ್ತಾರೆ. ಅಲ್ಲೂ ಇದೇ ರಾಗ: ತಯಾರಿಸಿದವನು ಕೂರಿಸಿದವನನ್ನು ಬೈಯುತ್ತಾನೆ, ಕೂರಿಸಿದವನು ಮಾರಿದವನನ್ನು ಬೈಯುತ್ತಾನೆ. ಬೇಸತ್ತ ಸರ್ಕಾರ 2000ದಲ್ಲಿ ಕಾನೂನು ಮಾಡಿ, ಮೊದಲ ವರ್ಷದಲ್ಲಿ ತಿಳಿಸಿದ ದೋಷಕ್ಕೆ ಮೂವರನ್ನೂ ಒಬ್ಬ ಮಧ್ಯಸ್ಥನ ಎದುರು ಕೂರಿಸುವ ವ್ಯವಸ್ಥೆಗೆ ದಾರಿ ಮಾಡಿತು. ಪಾಪ, ಅನುಭವವಿಲ್ಲದ ದೇಶ.

ಅನುಭವವೆಂದರೆ ನಮ್ಮದು. ಕಾರ್ಖಾನೆಯಲ್ಲಿ ಮನೆ ಮಾಡುವ ಸಾಹಸಕ್ಕೆ ದೆಹಲಿ ಕೈಹಾಕಿದ್ದು 1948ರಷ್ಟು ಹಿಂದೆ, ಅದೂ ಸರೋಜಿನಿ ನಗರದಿಂದ ಅಷ್ಟೇನೂ ದೂರವಿಲ್ಲದ ಜಂಗ್‌ಪುರದಲ್ಲಿ. ಈ ಕಥೆಯಲ್ಲಿ ನಮ್ಮ ಮೈಸೂರಿನವರೊಬ್ಬರಿದ್ದಾರೆ. ಮೈಸೂರಿನವರು ಎಂದೇ ಅನ್ನುತ್ತೇನೆ, ಹುಟ್ಟಿದ್ದು ಬರ್ಲಿನ್ ಆದರೂ. ಆಟೋ ಕೋನಿಗ್ಸ್‌ಬರ್ಗರ್, ವಿಜ್ಞಾನಿ ಮ್ಯಾಕ್ಸ್ ಬಾರ್ನ್ ಅವರ ಸೋದರಳಿಯ, ಹಿಟ್ಲರನ ಜರ್ಮನಿ ಬಿಟ್ಟು 1939ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು ಮುಖ್ಯ ವಾಸ್ತುಶಿಲ್ಪಿಯಾದವರು. ಟಾಟಾ ಇನ್‌ಸ್ಟಿಟ್ಯೂಟಿನ ಕೆಲವು ಕಟ್ಟಡಗಳು, ಬಸವನಗುಡಿಯ ಕೃಷ್ಣರಾವ್ ಪಾರ್ಕಿನ ಮಂಟಪ ಅವರದೇ ಕೈಕೆಲಸ. ಬೆಂಗಳೂರಿನ ಬಿಸಿಲು, ಗಾಳಿ, ಮಳೆ ಮೂರನ್ನೂ ಓದಿಕೊಂಡ ಮನುಷ್ಯ. 1948ರಲ್ಲಿ ಅವರನ್ನು ಕೇಂದ್ರ ಸರ್ಕಾರ ವಸತಿ ನಿರ್ದೇಶಕರನ್ನಾಗಿ ದೆಹಲಿಗೆ ಕರೆಸಿಕೊಂಡಿತು. ವಿಭಜನೆಯಲ್ಲಿ ಮನೆಮಠ ಕಳೆದುಕೊಂಡು ಬಂದ ಲಕ್ಷಾಂತರ ಜನ ಡೇರೆಗಳಲ್ಲಿದ್ದರು. ವಸತಿಯ ಹೊಣೆ ಆಗ ಆರೋಗ್ಯ ಇಲಾಖೆಯದು, ಮಂತ್ರಿ ರಾಜಕುಮಾರಿ ಅಮೃತ್ ಕೌರ್. ಸರ್ಕಾರಿ ಗೃಹ ಕಾರ್ಖಾನೆ ಶುರುವಾಯಿತು. ಹಗುರವಾದ ಕಾಂಕ್ರೀಟಿನ ಹಲಗೆಗಳನ್ನು ಅಚ್ಚಿನಲ್ಲಿ ಎರಕ ಹೊಯ್ದು, ಲಾರಿಗೇರಿಸಿ, ಬೇಕಾದಲ್ಲಿ ಜೋಡಿಸಿದರಾಯಿತು, ಮನೆ. ವಿಧಾನ ಬ್ರಿಟಿಷ್ ಕಂಪನಿಯದು.

ಹಲಗೆಗಳು ಬಿರುಕು ಬಿಟ್ಟವು. ಸಾಗಿಸುವಾಗಲೇ ಒಡೆದವು. ಮನೆಗಾಗಿ ಕಾದ ನಿರಾಶ್ರಿತರಿಗೆ ಚೂರುಗಳು ಸಿಕ್ಕವು.

ಈಗ ಯೋಚಿಸಿ, ಎಷ್ಟು ಶ್ರೀಮಂತವಾದ ಪ್ರಕರಣ! ಹೊಣೆ ಹೊರಿಸಲು ಇಂಗ್ಲೆಂಡಿನ ತಂತ್ರಜ್ಞಾನವಿತ್ತು, ದೆಹಲಿಯ ಸೆಕೆಯಿತ್ತು, ಲಾರಿಯಿತ್ತು, ರಸ್ತೆಯ ಗುಂಡಿಯಿತ್ತು, ಫೈಲಿಗೆ ಸಹಿ ಹಾಕಿದ ಅಧಿಕಾರಿಗಳಿದ್ದರು. ಪಾರ್ಲಿಮೆಂಟಿನಲ್ಲಿ ಪ್ರಶ್ನೆಗಳೆದ್ದವು. ಇವರೆಲ್ಲರ ನಡುವೆ ಒಂದು ಅನುಕೂಲವಾದ ಹೆಗಲೂ ಇತ್ತು: ಹೊರಗಿನವ, ಕೇಡರಿಲ್ಲದವ, ಬೆನ್ನಿಗೆ ಬ್ಯಾಚ್‌ಮೇಟುಗಳಿಲ್ಲದವ. 1951ರಲ್ಲಿ ಕೋನಿಗ್ಸ್‌ಬರ್ಗರ್ ಭಾರತ ಬಿಟ್ಟು ಲಂಡನ್ನಿಗೆ ಹೊರಟರು. ಅಲ್ಲಿ 1954ರಿಂದ ಉಷ್ಣವಲಯದ ವಾಸ್ತುಶಿಲ್ಪವನ್ನು ಜಗತ್ತಿನ ವಿದ್ಯಾರ್ಥಿಗಳಿಗೆ ಕಲಿಸುವ ವಿಭಾಗವೇ ಅವರ ಸುತ್ತ ಬೆಳೆಯಿತು. ದೆಹಲಿಗೆ ಬೇಡವಾದ ಪಾಠ ಲಂಡನ್ನಿನಲ್ಲಿ ಸಿಲಬಸ್ ಆಯಿತು.

ಕಾರ್ಖಾನೆಯನ್ನು ಮಾತ್ರ ಯಾರೂ ಮನೆಗೆ ಕಳಿಸಲಿಲ್ಲ. 1953ರಲ್ಲಿ ಹಿಂದೂಸ್ತಾನ್ ಹೌಸಿಂಗ್ ಫ್ಯಾಕ್ಟರಿ ಎಂಬ ಕಂಪನಿಯಾಯಿತು. 1978ರಲ್ಲಿ ಹಿಂದೂಸ್ತಾನ್ ಪ್ರಿಫ್ಯಾಬ್ ಆಯಿತು. ವಿದ್ಯುತ್ ಕಂಬ, ರೈಲ್ವೆ ಸ್ಲೀಪರ್ ಎರಕ ಹೊಯ್ಯಿತು. ಒಳಗೆ ಯಾರೂ ವಾಸ ಮಾಡದ ವಸ್ತುಗಳು, ದೂರು ಬರುವುದು ಕಮ್ಮಿ.    ಬಿರುಕಿನ ವಂಶವೃಕ್ಷ ಮಾತ್ರ ಬೆಳೆಯುತ್ತಲೇ ಹೋಯಿತು.

2022ರ ಫೆಬ್ರವರಿ 10ರಂದು ಗುರುಗ್ರಾಮದ ಚಿಂಟೆಲ್ಸ್ ಪ್ಯಾರಾಡೈಸೊ ವಸತಿ ಸಮುಚ್ಚಯದಲ್ಲಿ ಮಹಡಿಗಳು ಒಂದರ ಮೇಲೊಂದು ಕುಸಿದು ಇಬ್ಬರು ಮಹಿಳೆಯರು ಸತ್ತರು. ಕಾಂಕ್ರೀಟಿನಲ್ಲಿ ಕ್ಲೋರೈಡ್ ಇದೆ, ಅದು ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಸಿದೆ, ರಿಪೇರಿ ಅಸಾಧ್ಯ ಎಂದಿತು ದೆಹಲಿ ಐಐಟಿ. ತುಕ್ಕು ಹಿಡಿದ ಕಬ್ಬಿಣ ಉಬ್ಬಿ ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಇದನ್ನು ನೆಲ ತೊಳೆದವರ ತಲೆಗೆ ಕಟ್ಟಲಾಗಲಿಲ್ಲ. ಅದೇ ಗುರುಗ್ರಾಮದ 37ಡಿ ಸೆಕ್ಟರಿನಲ್ಲಿ, ಸರೋಜಿನಿ ನಗರದ ಟವರುಗಳನ್ನು ಕಟ್ಟಿಸುವ ಎನ್‌ಬಿಸಿಸಿಯೇ ಕಟ್ಟಿಸಿದ ಗ್ರೀನ್ ವ್ಯೂ ಕೂಡ ಅಪಾಯಕಾರಿ ಎಂದಾಗಿ, ಅದೇ ವರ್ಷ ಅಲ್ಲಿನ ಕುಟುಂಬಗಳು ಗಂಟುಮೂಟೆ ಕಟ್ಟಬೇಕಾಯಿತು.

ಆದರೆ ಕಲ್ಪನಾಶಕ್ತಿಯಲ್ಲಿ ದೆಹಲಿ ಅಭಿವೃದ್ಧಿ ಪ್ರಾಧಿಕಾರವನ್ನು ಮೀರಿಸುವವರಿಲ್ಲ. ಮುಖರ್ಜಿ ನಗರದಲ್ಲಿ ಅದು ಕಟ್ಟಿಸಿದ ಸಿಗ್ನೇಚರ್ ವ್ಯೂ, 336 ಫ್ಲ್ಯಾಟು. ಜನ ಸೇರಿಕೊಂಡು ಹತ್ತು ವರ್ಷ ಆಗುವಷ್ಟರಲ್ಲಿ ಸಿಮೆಂಟು ಚಕ್ಕೆ ಚಕ್ಕೆಯಾಗಿ ಉದುರತೊಡಗಿತು. ಐಐಟಿ ಬಂತು, ವರದಿ ಬಂತು, 2023ರಲ್ಲಿ ಪಾಲಿಕೆಯಿಂದ ‘ಅಪಾಯಕಾರಿ’ ಎಂಬ ಬಿರುದೂ ಬಂತು. ಸರಿ, ಕೆಡವಿ ಮತ್ತೆ ಕಟ್ಟಿಕೊಡುತ್ತೇವೆ ಎಂದ ಪ್ರಾಧಿಕಾರ ಸಣ್ಣದೊಂದು ಷರತ್ತು ಸೇರಿಸಿತು: ಅದೇ ಜಾಗದಲ್ಲಿ ನಮಗೂ 168 ಹೆಚ್ಚುವರಿ ಫ್ಲ್ಯಾಟು ಇರಲಿ. ಬಿದ್ದುಹೋಗುವ ಮನೆ ಕಟ್ಟಿದ್ದಕ್ಕೆ ಇನಾಮು! 2024ರ ಡಿಸೆಂಬರಿನಲ್ಲಿ ಹೈಕೋರ್ಟು ಅದಕ್ಕೆ ಒಪ್ಪಲಿಲ್ಲ. ಮೂರು ತಿಂಗಳಲ್ಲಿ ಮನೆ ಖಾಲಿ ಮಾಡಿ ಎಂದು ನಿವಾಸಿಗಳಿಗೆ, ದೊಡ್ಡ ಫ್ಲ್ಯಾಟಿನವರಿಗೆ ತಿಂಗಳಿಗೆ 50,000, ಮಧ್ಯಮದವರಿಗೆ 38,000 ರೂಪಾಯಿ ಬಾಡಿಗೆ ಕೊಡಿ ಎಂದು ಪ್ರಾಧಿಕಾರಕ್ಕೆ ಹೇಳಿತು. ಕೋರ್ಟಿಗೆ ಇನ್ನೂ ಈ ವ್ಯವಹಾರದ ಮರ್ಯಾದೆ ಗೊತ್ತಿಲ್ಲ.

ಧಾರವಾಡದ ದಂಪತಿಯ ಯಜಮಾನರು ನಿವೃತ್ತರಾಗಿ ಕ್ವಾರ್ಟರ್ಸ್ ಬಿಡುವ ದಿನ ಮತ್ತೊಬ್ಬ ಇಂಜಿನಿಯರ್ ಪಟ್ಟಿ ಹಿಡಿದು ಬಂದರು. ಫ್ಯಾನು, ನಲ್ಲಿ, ಕಿಟಕಿಯ ಗಾಜು, ಬಾಗಿಲ ಚಿಲಕ ಒಂದೊಂದಾಗಿ ಎಣಿಸಿದರು. ಮಾಳಿಗೆಯ ಚಾಪೆ ಪಟ್ಟಿಯಲ್ಲಿರಲಿಲ್ಲ, ಹಾಗಾಗಿ ಅದು ಕಣ್ಣಿಗೆ ಬೀಳಲಿಲ್ಲ. ಬಚ್ಚಲುಮನೆಯಲ್ಲಿ ಟವೆಲ್ ರಾಡು ಒಂದು ಕಮ್ಮಿಯಿತ್ತು. ಐಐಟಿಯನ್ನು ಕರೆಸಲಿಲ್ಲ, ಸಮಿತಿ ಕೂರಲಿಲ್ಲ, ಉಪಗುತ್ತಿಗೆದಾರನ ಹೆಸರು ಯಾರೂ ಎತ್ತಲಿಲ್ಲ. ನಿಂತಲ್ಲೇ ಹೊಣೆ ನಿಗದಿಯಾಗಿ, ದುಡ್ಡು ಕಟ್ಟಿದ ರಸೀದಿ ತೋರಿಸಿದ ಮೇಲೆಯೇ ನೋ ಡ್ಯೂಸ್ ಸರ್ಟಿಫಿಕೇಟು ಕೈಗೆ ಬಂತು.