ನಂದಿ ತಪ್ಪಲಲ್ಲಿ ಮೂಗಿನ ಜಾತ್ರೆ

ಬೆಂಗಳೂರಿಗರು ವಾರಾಂತ್ಯ ಬಂದರೆ ನಂದಿ ಬೆಟ್ಟದ ಕಡೆ ಹೊರಡುವುದು ಹಳೆಯ ರೂಢಿ. ಹಿಂದೆ ಸೂರ್ಯೋದಯ ನೋಡಲು ಹೋಗುತ್ತಿದ್ದರು. ಈಗ ಸೂರ್ಯ ನೆತ್ತಿಗೇರಿದ ಮೇಲೆ ಹೊರಟು, ಬೆಟ್ಟದ ಗೊಡವೆಗೇ ಹೋಗದೆ, ತಪ್ಪಲಿನ ದ್ರಾಕ್ಷಿ ತೋಟದಲ್ಲಿ ಇಳಿಯುತ್ತಾರೆ. ಇದು ವೈನ್ ಟೂರ್. ಕುಡಿಯಲು ಹೋಗುವುದಲ್ಲ, ಕಲಿಯಲು ಹೋಗುವುದು. ಮನೆಯ ಹಿರಿಯರಿಗೂ ಹಾಗೆಂದೇ ಹೇಳಿರುತ್ತಾರೆ.

ಕಲಿಕೆ ಮೂಗಿನಿಂದ ಶುರು. ಗ್ಲಾಸಿನ ತಳ ನೆನೆಯುವಷ್ಟು ವೈನ್ ಸುರಿದು, ತಿರುಗಿಸಿ, ಮೂಗು ತೂರಿಸಿ ಎನ್ನುತ್ತಾನೆ ಕರಿ ಏಪ್ರನ್ ಕಟ್ಟಿದ ಹುಡುಗ. ಎಲ್ಲರೂ ತೂರಿಸುತ್ತಾರೆ. "ಏನು ವಾಸನೆ ಬರ್ತಿದೆ ಸರ್?" ದ್ರಾಕ್ಷಿ ಎಂದವನು ಕೆಟ್ಟ. ಇಲ್ಲಿ ದ್ರಾಕ್ಷಿಯೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಮೂಗಿಗೆ ಬಡಿಯಬೇಕು: ಬ್ಲ್ಯಾಕ್‌ಕರಂಟ್, ಓಕ್ ಮರ, ಚುಟ್ಟಾ ಪೆಟ್ಟಿಗೆ, ಹಳೇ ಚರ್ಮ, ಮಳೆಗೆ ನೆನೆದ ಕಲ್ಲು. ಬ್ಲ್ಯಾಕ್‌ಕರಂಟನ್ನು ಐಸ್‌ಕ್ರೀಮ್ ಡಬ್ಬಿಯ ಚಿತ್ರದಲ್ಲಷ್ಟೇ ಕಂಡವರು ಕಣ್ಣು ಮುಚ್ಚಿ ತಲೆದೂಗುತ್ತಾರೆ. ಚರ್ಮದ ವಾಸನೆ ಮಾತ್ರ ಯಾರೂ ಅಲ್ಲಗಳೆಯುವುದಿಲ್ಲ. ಎಲ್ಲರ ಮನೆಯಲ್ಲೂ ಚಪ್ಪಲಿ ಸ್ಟ್ಯಾಂಡ್ ಇರುತ್ತದಲ್ಲ.

ಆಮೇಲೆ ಊಟ. ಮುದ್ದೆ ಮುರಿದು ನುಂಗುವ ಸೀಮೆಯಲ್ಲಿ ರಾಗಿಯನ್ನು ಬಿಸ್ಕತ್ತು ಮಾಡಿ, ಮೇಲೆ ಚೀಸ್ ಸವರಿ, ಕಲ್ಲಿನ ಹಲಗೆಯ ಮೇಲಿಟ್ಟು ತರುತ್ತಾರೆ. ಯಾವ ತುಂಡಿಗೆ ಯಾವ ವೈನ್ ಹೊಂದುತ್ತದೆಂಬ ಚರ್ಚೆ ಜಾತಕ ಕೂಡಿಸುವವರನ್ನು ನಾಚಿಸುವಷ್ಟು ಗಂಭೀರ. ಹೊಟ್ಟೆ ತುಂಬದವರು ವಾಪಸು ಬರುವಾಗ ರಸ್ತೆ ಬದಿಯ ಮಿಲ್ಟ್ರಿ ಹೋಟೆಲಿಗೆ ಕದ್ದು ನುಗ್ಗುತ್ತಾರೆ. ನಾಟಿ ಕೋಳಿ ಸಾರಿನ ಫೋಟೋ ಮಾತ್ರ ಯಾರೂ ಹಾಕುವುದಿಲ್ಲ.

ಇದೇ ಮಣ್ಣಿನಲ್ಲಿ, ಬೇಲಿಯಾಚೆ, ಬೆಂಗಳೂರು ಬ್ಲೂ ದ್ರಾಕ್ಷಿ ಬೆಳೆಯುತ್ತದೆ. ದಪ್ಪ ಸಿಪ್ಪೆ, ಬಾಯಿ ತುಂಬ ಬೀಜ, ಮಾರು ದೂರಕ್ಕೆ ಘಮ. 2013ರಲ್ಲಿ ಭೌಗೋಳಿಕ ಸೂಚ್ಯಂಕವೂ ಸಿಕ್ಕಿದೆ. ಅದರ ಬಗ್ಗೆ ಕೇಳಿದರೆ ಹುಡುಗ "ಅದು ಜ್ಯೂಸಿಗೆ ಸರ್" ಎಂದು ಮಾತು ಮುಗಿಸುತ್ತಾನೆ. ಅಗ್ಗದ ಸಿಹಿ ಪೋರ್ಟ್ ವೈನಿಗೂ ಹೋಗುತ್ತದೆ, ಆದರೆ ಆ ಬಾಟಲಿಗೆ ಟೂರ್ ಇಲ್ಲ. ಟೂರ್ ಇರುವುದು ಶಿರಾಜ್, ಕ್ಯಾಬರ್ನೆ ಸೋವಿನ್ಯೋಗಳಿಗೆ, ಅಂದರೆ ಫ್ರಾನ್ಸಿನಿಂದ ಸೊಸೆಯಾಗಿ ಬಂದ ಬಳ್ಳಿಗಳಿಗೆ. 2020ರ ಲಾಕ್‌ಡೌನಿನಲ್ಲಿ ಚಿಕ್ಕಬಳ್ಳಾಪುರದ ರೈತರು ಕೊಳ್ಳುವವರಿಲ್ಲದೆ ದ್ರಾಕ್ಷಿಯನ್ನು ತಿಪ್ಪೆಗೆ ಸುರಿದರು. ಆ ವಾಸನೆ ಯಾವ ಟೇಸ್ಟಿಂಗ್ ಪಟ್ಟಿಯಲ್ಲೂ ಸೇರಿಲ್ಲ.

ಇನ್ನು ನೀರು. ಶಾಶ್ವತ ನದಿಯೊಂದೂ ಇಲ್ಲದ ಸೀಮೆ ಇದು. ಬೋರ್‌ವೆಲ್ ಸಾವಿರ ಅಡಿ ದಾಟಿದರೂ ಕೆಲವೊಮ್ಮೆ ಬರೀ ಧೂಳು. ಅದಕ್ಕೇ ಸರ್ಕಾರ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧೀಕರಿಸಿ, ಹೆಬ್ಬಾಳ-ನಾಗವಾರ ಕಣಿವೆ ಯೋಜನೆಯಲ್ಲಿ ಇಲ್ಲಿನ ಕೆರೆಗಳಿಗೆ ತುಂಬಿಸುತ್ತಿದೆ. ಮೂರನೇ ಹಂತವೂ ಆಗಲಿ ಎಂದು ಇಲ್ಲಿನ ಜನ ಕೂಗಿ ಗಂಟಲು ಒಣಗಿಸಿಕೊಂಡಿದ್ದಾರೆ. ಆ ನೀರೇ ವೈನಿಗೆ ಬಂತೆಂದು ನಾನು ಹೇಳುತ್ತಿಲ್ಲ, ಮಾನನಷ್ಟದ ನೋಟಿಸು ಬಂದೀತು. ಆದರೆ ವಾರವಿಡೀ ಫ್ಲಶ್ ಮಾಡಿ ಕಳಿಸಿದವರೇ ಶನಿವಾರ ಬಂದು "ಇಲ್ಲಿನ ನೆಲದಲ್ಲಿ ಏನೋ ವಿಶೇಷ ಖನಿಜ ಇದೆ" ಎಂದು ಕೊಂಡಾಡುವಾಗ ನಗು ತಡೆಯುವುದು ಕಷ್ಟ.

2007ನ್ನು ನೆನಪಿಸಿಕೊಳ್ಳಿ. ಆ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಕೂಲಿಯವನ ಸಂಸಾರ ಉಳಿಸಲು, ಸರಿಯೇ. ಅದೇ ವರ್ಷದ ಹೆಸರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯೂ ಬಂತು. ರೈತನನ್ನು ಉಳಿಸಲು, ಅದೂ ಸರಿಯೇ. ಕೂಲಿಯವನದು ಚಟ, ಉಳ್ಳವರದು ತೋಟಗಾರಿಕೆ. ಸಾರಾಯಿ ಪ್ಯಾಕೆಟ್ಟಿಗೆ ಮೂಗು ತೂರಿಸುವ ಜಾಗ ಇರಲಿಲ್ಲ ಎಂಬುದೇ ಅದರ ದೊಡ್ಡ ದೋಷವಿರಬೇಕು.

ಮುಂದಿನ ಶನಿವಾರ ಹೊರಟವರಿಗೆ ಒಂದು ಮಾತು. ತುಟಿ ಒದ್ದೆಯಾಗುವಷ್ಟು ವೈನಿಗೆ ತುಟಿಪಿಟಕ್ಕೆನ್ನದೆ ಕಾರ್ಡ್ ಕೊಟ್ಟು ಬರುತ್ತೀರಿ. ದಾರಿಯಲ್ಲಿ ಬ್ಲೂ ದ್ರಾಕ್ಷಿ ಮಾರುವ ಹೆಂಗಸಿನ ಹತ್ತಿರ ಹತ್ತು ರೂಪಾಯಿಗೆ ಚೌಕಾಸಿ ಮಾಡಬೇಡಿ. ಮತ್ತೆ, ಸ್ಟಿಯರಿಂಗನ್ನು ಆ ದಿನ ಏನನ್ನೂ ಕಲಿಯದವರ ಕೈಗೆ ಕೊಡಿ.