ಸೆಕೆಂಡ್ ಹ್ಯಾಂಡ್ ವಿಹಾರ

(ಯಲಹಂಕ. ದಲ್ಲಾಳಿಯ ಅಂಗಡಿ. ರಾಯರು ಮೊಣಕಾಲವರೆಗೆ ಪ್ಯಾಂಟು ಮಡಚಿಕೊಂಡು ಬರುತ್ತಾರೆ.)

ರಾಯರು: ಹಳೇ ಮೋಟಾರ್ ಬೋಟು ಇದ್ಯೇನಪ್ಪಾ? ಬಜೆಟ್ಟು ಕಮ್ಮಿ.

ದಲ್ಲಾಳಿ: ಫ್ಲ್ಯಾಟು ಕೊಡಿಸಿದೋನು ಬೋಟು ಕೊಡಿಸಲ್ವಾ ಸಾರ್? ಮಲ್ಪೇದು, ಸಿಂಗಲ್ ಓನರ್. ಸಮುದ್ರ ಬಿಟ್ರೆ ಎಲ್ಲೂ ಓಡಿಲ್ಲ.

ರಾಯರು: ನಮ್ಮ ರಸ್ತೆ ಗುಂಡಿ ತಡ್ಕೊಳ್ಳುತ್ತಾ?

ದಲ್ಲಾಳಿ: ಗುಂಡಿ ಆಳ ಇದ್ದಷ್ಟೂ ಒಳ್ಳೇದು, ತಳ ತಾಗಲ್ಲ.

ರಾಯರು: ಬಾಲ್ಕನಿಯಿಂದ ಕೆರೆ ಕಾಣುತ್ತೆ ಅಂದಿದ್ದೆ...

ದಲ್ಲಾಳಿ: ಈಗ ಅಡುಗೆಮನೇಲೂ ಕಾಣುತ್ತಲ್ಲ! ಎಕ್ಸ್‌ಟ್ರಾ ಕೇಳಿದ್ನಾ?

ರಾಯರು: ರಾಜಕಾಲುವೆ ಎಲ್ಲಿಗೆ ಹೋಯ್ತು?

ದಲ್ಲಾಳಿ: ನಿಮ್ಮ ಕ್ಲಬ್‌ಹೌಸ್ ಕೆಳಗೇ ಇದೆ. ರಾಜ ಅಲ್ವಾ, ಮಳೇಲಿ ಮಾತ್ರ ದರ್ಶನ.

ರಾಯರು: ಕೇಂದ್ರೀಯ ವಿಹಾರ ಅಪಾರ್ಟ್‌ಮೆಂಟಿಗೆ 2021ರ ನವೆಂಬರಲ್ಲೂ ಬೋಟು ಬಂತು, 2024ರ ಅಕ್ಟೋಬರಲ್ಲೂ ಬಂತು.

ದಲ್ಲಾಳಿ: ಹೆಸರಲ್ಲೇ ವಿಹಾರ ಇದೆಯಲ್ಲ! ಯಲಹಂಕಕ್ಕೆ ಮೆಟ್ರೋಗಿಂತ ಬೋಟೇ ಮೊದ್ಲು ಬಂತು.

ರಾಯರು: ರೇಟು ಇಳಿಸಪ್ಪಾ, ಸಾಲದಲ್ಲಿ ಮುಳುಗಿದ್ದೀನಿ.

ದಲ್ಲಾಳಿ: ಮುಳುಗಿದೋರಿಗೇ ಸಾರ್ ಬೋಟು ಬೇಕಾಗೋದು.

ರಾಯರು: ಬೇಸಿಗೇಲಿ ಎಲ್ಲಿ ನಿಲ್ಲಿಸ್ಲಿ?

ದಲ್ಲಾಳಿ: ಟ್ಯಾಂಕರ್ ಪಕ್ಕ. 2024ರ ಮಾರ್ಚಲ್ಲಿ ಸರ್ಕಾರ ಟ್ಯಾಂಕರ್ ನೀರಿಗೆ ರೇಟು ಕಟ್ಟಿತ್ತು. ಅದೇ ವರ್ಷ ಅಕ್ಟೋಬರಲ್ಲಿ ನೀರು ಬಾಗಿಲಿಗೇ ಬಂತು, ಫ್ರೀ!