ಊರೊಳಗೆ ಹುಲಿ

ನಮ್ಮನೆಯಿಂದ ಕೇಳಿಸ್ತಿರೋ ಗಲಾಟೆ ಕ್ರಿಕೆಟ್ ಮ್ಯಾಚಿಂದಲ್ಲ ಅಕ್ಕ, ಹಾಡಿನ ರೆಕಾರ್ಡಿಂದು. ಬಾಬ್ ಸೀಗರ್ ಅಂತ ಅಮೆರಿಕದ ರಾಕ್ ಗಾಯಕ, ಆಲ್ಬಮ್ಮಿನ ಹೆಸರು 'ಲೈವ್ ಬುಲೆಟ್'. 1975ರ ಸೆಪ್ಟೆಂಬರಿನಲ್ಲಿ ಡೆಟ್ರಾಯಿಟ್‌ನ ಕೋಬೋ ಹಾಲ್‌ನಲ್ಲಿ ಎರಡು ರಾತ್ರಿ ಕಾರ್ಯಕ್ರಮ ಕೊಟ್ಟ. ಅದನ್ನೇ ಹಿಡಿದು ಮಾರನೇ ವರ್ಷ ಜೋಡಿ ಎಲ್‌ಪಿ ಮಾಡಿ ಬಿಟ್ಟರು.

ಆ ಕೂಗಾಟ, ಶಿಳ್ಳೆ ಎಲ್ಲ ಕತ್ತರಿಸಬಾರದಿತ್ತಾ ಅಂತೀರಲ್ಲ! ಅದನ್ನ ತೆಗೆದ್ರೆ ಇನ್ನೇನು ಉಳಿಯುತ್ತೆ ಹೇಳಿ? ಇದರಲ್ಲಿರೋ ಎಷ್ಟೋ ಹಾಡು ಮೊದಲೇ ಸ್ಟುಡಿಯೋದಲ್ಲಿ ಹಾಡಿ ಆಗಿದ್ದವೇ. ಅವನ ಊರು ಡೆಟ್ರಾಯಿಟ್ ಬಿಟ್ರೆ ಆಚೆ ಕೇಳೋರು ಕಡಿಮೆ ಇದ್ರು, ಅಷ್ಟೆ. 'ಟರ್ನ್ ದ ಪೇಜ್' ನೋಡಿ, 1973ರ ಒಂದು ಆಲ್ಬಮ್ಮಿನಲ್ಲಿ ಸುಮ್ಮನೆ ಬಿದ್ದಿತ್ತು. ಇಲ್ಲಿ ಆಲ್ಟೋ ರೀಡ್ ಅನ್ನೋನು ಸ್ಯಾಕ್ಸೋಫೋನ್ ಎತ್ತಿ ನಿಧಾನಕ್ಕೆ ಎಳೆದ ನೋಡಿ, ಹಾಡಿನ ಹಣೆಬರಹವೇ ಬದಲಾಯ್ತು. ಇವತ್ತಿಗೂ ಅಮೆರಿಕದ ರೇಡಿಯೋದಲ್ಲಿ ಹಾಕೋದು ಈ ಕೋಬೋ ಹಾಲ್‌ದೇ. ತಮಾಷೆ ಏನಪ್ಪಾ ಅಂದ್ರೆ, ಊರೂರು ಅಲೆದು ಸುಸ್ತಾದ ಹಾಡುಗಾರನ ಕಥೆ ಅದು. ಹೋಟೆಲಿಗೆ ಕಾಲಿಟ್ರೆ ಇವನ ಉದ್ದಗೂದಲು ನೋಡಿ ಜನ ಗುಸುಗುಸು ಅಂತಾರೆ. ಆ ಒಂಟಿತನಾನ ತಂದು ಸಾವಿರಾರು ಜನರ ಮುಂದೆ ಹಾಡ್ತಾನೆ, ಅದೂ ತನ್ನ ಊರಲ್ಲೇ!

ತನ್ನ ಊರು ಅಂದೆನಲ್ಲ, ಅಲ್ಲೇ ಇರೋದು ವಿಷಯ. ಡೆಟ್ರಾಯಿಟ್ ಕಾರು ಕಾರ್ಖಾನೆಗಳ ಊರು, ಹಗಲೆಲ್ಲ ಕಬ್ಬಿಣದ ಸದ್ದು ಕೇಳಿದ ಕಿವಿಗಳು. ಅಲ್ಲಿ ಇವನು ಹುಲಿ. ಆಚೆ ಊರಿಗೆ ಹೋದ್ರೆ? 1976ರ ಜೂನ್‌ನಲ್ಲಿ ಡೆಟ್ರಾಯಿಟ್ ಪಕ್ಕದ ಪಾಂಟಿಯಾಕ್ ಸಿಲ್ವರ್‌ಡೋಮ್‌ನಲ್ಲಿ ಇವನು ಹಾಡಿದಾಗ ಹತ್ತಿರ ಹತ್ತಿರ 80,000 ಜನ. ಮಾರನೇ ದಿನ ಷಿಕಾಗೋದಲ್ಲಿ ಸಾವಿರ ಜನಾನೂ ಇಲ್ಲ. ನಡುವೆ ಕಾರಲ್ಲಿ ನಾಲ್ಕೈದು ಗಂಟೆ ದಾರಿ, ಅಷ್ಟೇ! ನಾನಾಗಿದ್ರೆ ವಾಪಸ್ ಊರಿಗೆ ಬಂದು ಮುಸುಕು ಹಾಕ್ಕೊಂಡು ಮಲಗಿಬಿಡ್ತಿದ್ದೆ. ಈ ಪುಣ್ಯಾತ್ಮ ಅದೇ ವರ್ಷದ ಕೊನೆಗೆ 'ನೈಟ್ ಮೂವ್ಸ್' ಆಲ್ಬಮ್ ತಂದ. ಆಮೇಲೆ ದೇಶಕ್ಕೆಲ್ಲ ಗೊತ್ತಾದ.

ಹಾಗಾಗಿ ಆ ಕೂಗಾಟ ಇದೆಯಲ್ಲ, ಅದರಲ್ಲಿ ಹಾಡಿನ ಮೇಲಿನ ಪ್ರೀತಿಗಿಂತ 'ನಮ್ಮ ಹುಡುಗ' ಅನ್ನೋ ಜಂಭವೇ ಜಾಸ್ತಿ ಅಂತ ನನಗನ್ನಿಸುತ್ತೆ. ಅವನೂ ಕಮ್ಮಿಯೇನಲ್ಲ. ಡೆಟ್ರಾಯಿಟ್ ಶ್ರೋತೃಗಳೇ ಜಗತ್ತಿನಲ್ಲಿ ಶ್ರೇಷ್ಠ ಅಂತ ಪತ್ರಿಕೇಲಿ ಬರೆದಿದ್ದಾರಂತೆ, ಅದು ನನಗೆ ಹತ್ತು ವರ್ಷದಿಂದ ಗೊತ್ತು ಅಂತ ವೇದಿಕೆ ಮೇಲೆ ಹೇಳಿ ಎಲ್ಲರನ್ನೂ ಅಟ್ಟಕ್ಕೇರಿಸ್ತಾನೆ.

ಲೈವ್ ಅಂದಿದ್ದೆಲ್ಲ ಲೈವ್ ಅಲ್ಲ ಅನ್ನೋದೂ ನಿಜ ಅನ್ನಿ. 1975ರಲ್ಲೇ, ಅದೇ ಕೋಬೋ ಹಾಲ್‌ನಲ್ಲಿ ಕಿಸ್ ಅನ್ನೋ ಬ್ಯಾಂಡೂ ತನ್ನ ಲೈವ್ ಆಲ್ಬಮ್ಮಿಗೆ ರೆಕಾರ್ಡಿಂಗ್ ಮಾಡ್ತು. ಆಮೇಲೆ ಸ್ಟುಡಿಯೋದಲ್ಲಿ ಕೂತು ಬೇಕಾದಷ್ಟು ತೇಪೆ ಹಾಕಿದ್ರು. ಮುಖಕ್ಕೆ ಬಣ್ಣ ಬಳಿದುಕೊಂಡೇ ಹಾಡೋರು, ಹಾಡಿಗೂ ಒಂದಿಷ್ಟು ಬಳಿದ್ರು. ಅದು ಬೇರೆ ಕಥೆ.

ಅಂದಹಾಗೆ ನಿಮ್ಮ ಮಗ ಮೆಟಾಲಿಕಾ ಟೀಶರ್ಟು ಹಾಕ್ಕೊಂಡು ಓಡಾಡ್ತಾನಲ್ಲ, 2011ರಲ್ಲಿ ನಮ್ಮ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಿದ್ರಲ್ಲ, ಆ ಬ್ಯಾಂಡಿನದು. 'ಟರ್ನ್ ದ ಪೇಜ್' ಯಾರದ್ದು ಅಂತ ಅವನನ್ನೇ ಕೇಳಿ. 1998ರಲ್ಲಿ ಅವರೂ ಅದನ್ನ ಹಾಡಿದ್ದಾರೆ, ಸ್ಯಾಕ್ಸೋಫೋನ್ ಇರೋ ಜಾಗಕ್ಕೆ ಗಿಟಾರ್ ತುಂಬಿ. ಮೆಟಾಲಿಕಾದ್ದೇ ಅಂತ ಜಗಳಕ್ಕೆ ಬಂದ್ರೆ ಸಂಜೆ ಈ ಕಡೆ ಕಳಿಸಿ.